ಸಣ್ಣ ಗೇರಿಗೆ ಕಟ್ಟಿದ ಮುಡಿಪು

ನಮ್ಮೆಜಮಾನರಿಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ. ಮದುವೆಗೆ ಮುಂಚೆ ಕೊಂಡಿದ್ದ ಕೆಂಪು ಕಾರಿನ ಮೇಲೆ ಅವರಿಗೆ ನನಗಿಂತ ಒಂದು ತೂಕ ಹೆಚ್ಚೇ ಪ್ರೀತಿ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಪುಟ್ಟ ಕಾರು, ಮೇಲೆ ಎರಡು ಕರಿ ಪಟ್ಟಿ, ಹಿಂದೊಂದು ರೆಕ್ಕೆ. ರಸ್ತೆ ಉಬ್ಬಿನ ಮೇಲೆ ಅದು ನರಳಿದರೆ ಇವರೂ ನರಳುತ್ತಿದ್ದರು. ನಾನು ಜ್ವರ ಬಂದು ನರಳಿದಾಗ ಒಂದು ಮಾತ್ರೆ ಕೊಟ್ಟು ಕೆಲಸಕ್ಕೆ ಹೋಗಿದ್ದರು. ಅದನ್ನು ನಾನು ಮರೆತಿಲ್ಲ.

ನನ್ನ ತವರು ಸಿರಿಗೇರಿ. ಹೊಲದ ದಾರಿಯೆಲ್ಲ ಎರೆಮಣ್ಣು. ಕಾಲುವೆ ನೀರು ಹಾಯ್ದರೆ ಕಾಲಿನ ಚಪ್ಪಲಿಯನ್ನೂ ಬಿಡುವುದಿಲ್ಲ. ಕೆಂಪು ಕಾರು ಅಲ್ಲಿ ಮೂರು ಸಲ ಹೂತುಕೊಂಡಿತು. ಮೂರು ಸಲವೂ ನನ್ನ ತಮ್ಮ ಹುಲುಗೇಶ್ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದ. ಮೂರನೆಯ ಸಲ ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದ.

"ಬಾವ, ಮುಂದಿನ ಸಲ ಹಗ್ಗ ನೀವೇ ತರ್ರಿ" ಅಂದ.

ಊರೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾಲ್ಕು ತಿಂಗಳು ಒದ್ದಾಡಿ, ಕೊನೆಗೆ ಕೆಂಪು ಕಾರನ್ನು ಶೋರೂಮಿಗೆ ಎಕ್ಸ್‌ಚೇಂಜಿಗೆ ಕೊಟ್ಟು, ನಾಲ್ಕೂ ಚಕ್ರ ಎಳೆಯುವ ಗಿಡ್ಡ ಜೀಪಿನಂಥ ಗಾಡಿ ತಂದರು.

"ನಿನ್ ತಮ್ಮನ ಕಣ್ಮುಂದ ಆ ದಾರಿ ದಾಟ್ತೀನಿ. ಇಲ್ಲಾಂದ್ರ ಇನ್ನ ಸಿರಿಗೇರಿಗೆ ಕಾಲಿಡಂಗಿಲ್ಲ" ಅಂದರು. ಇವರು ಹಠ ಹಿಡಿದರೆ ಹಿಡಿದದ್ದೇ. ನನ್ನ ತವರಿನ ದಾರಿಯೂ ಆ ಕೆಸರಿಗೆ ಸಿಕ್ಕಿಬಿತ್ತಲ್ಲ ಎಂದು ನನಗೆ ಭಯವಾಯಿತು.

ಗಾಡಿ ಪೂಜೆಗೆ ಅವ್ವ ವಿರೂಪಮ್ಮ ಬಸ್ಸು ಹತ್ತಿ ಬಂದಳು. ಚಕ್ರಗಳಿಗೆ ನಿಂಬೆಹಣ್ಣು ಇಟ್ಟ ಮೇಲೆ, ಸೆರಗಿನ ಗಂಟಿನಿಂದ ಮಾಸಿದ ಅರಿಶಿನ ಬಟ್ಟೆಯ ಮುಡಿಪು ತೆಗೆದು, ದೊಡ್ಡ ಗೇರಿನ ಪಕ್ಕದ ಸಣ್ಣ ಗೇರಿಗೆ ಬಿಗಿದಳು.

"ಅತ್ತಿ, ಕೆಸರಾಗ ನಾಲ್ಕೂ ಗಾಲಿ ತಿರುಗಿಸೋ ಗೇರ್ ಅದು" ಅಂದರು ಇವರು.

"ಹಂಗಾರ ದೇವರ ಕೈಯಾಗ ಇರ್ಲಿ ಬಿಡ್ರಿ. ಸೋಮವಾರ ಕುರುಗೋಡು ಬಸವಣ್ಣನ ಮುಂದ ಬಿಚ್ಚೋಣು. ಅಲ್ಲೀಮಟ ಮಾಂಸ, ಮೀನು ತಿಂದ ಕೈ ಅದಕ್ಕ ಸೋಕಬಾರದು."

ಏನು ಹರಕೆ ಎಂದು ಕೇಳಿದೆ. ತೀರುವ ಮುಂಚೆ ಹೇಳಬಾರದಂತೆ.

ಸೋಮವಾರ ಬೆಳಿಗ್ಗೆ ಇವರು ನನ್ನನ್ನು ಸಿರಿಗೇರಿಯಲ್ಲಿ ಇಳಿಸಿ, "ಕೆಂಚನಗುಡ್ಡದಾಗ ಹೊಳಿ ಉಸುಕಿನ್ಯಾಗ ಗಾಡಿ ಓಡಿಸಿ ನೋಡ್ಕೊಂಡು ಬರ್ತೀನಿ" ಎಂದು ಹೋದರು. ಮಧ್ಯಾಹ್ನ ಬಂದಾಗ ಬಾಯ್ತುಂಬ ಸೋಂಪಿನ ವಾಸನೆ. ಇವರು ಸೋಂಪು ತಿನ್ನುವ ಪೈಕಿಯಲ್ಲ. ನಾನು ಗಮನಿಸಿದೆ.

ಬಸವಣ್ಣನಿಗೆ ಹೊಸ ಭತ್ತದ ತೆನೆ ಒಯ್ಯಬೇಕೆಂದು ಮೊದಲು ಹೊಲಕ್ಕೆ ಹೊರಟೆವು. ಅವ್ವ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ದಾರಿಯ ಆ ತುದಿಯಲ್ಲಿ ಹುಲುಗೇಶ್ ಹೆಗಲಿಗೆ ಹಗ್ಗ ಹಾಕಿಕೊಂಡು, ಫೋನು ಎತ್ತಿ ಹಿಡಿದು, ಟ್ರ್ಯಾಕ್ಟರ್ ಮೇಲೆ ಕೂತಿದ್ದ. ಸರಿಯಾಗಿ ನಡುದಾರಿಯಲ್ಲಿ ಗಾಡಿ ಹೂತಿತು. ಹಿಂದಿನ ಚಕ್ರಗಳು ಸುಮ್ಮನೆ ತಿರುಗಿ ಕೆಸರು ಹಾರಿಸಿದವು.

"ಬಾವ, ಬರ್ಲೇನು?" ಎಂದು ಕೂಗಿದ.

ಇವರು ಸಣ್ಣ ಗೇರಿನ ಕಡೆ ಕೈ ಚಾಚಿದರು. ಮುಡಿಪು ಕಂಡಿತು. ಕೈ ಹಿಂದಕ್ಕೆ ಬಂತು.

"ಯಾಕ್ರೀ ಅಳಿಯಂದ್ರ? ಹಾಕ್ರಿ ಗೇರು" ಅಂದಳು ಅವ್ವ.

ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರ ಹಣೆಯಲ್ಲಿ ಬೆವರು. ಹುಲುಗೇಶ್ ಟ್ರ್ಯಾಕ್ಟರ್ ಚಾಲೂ ಮಾಡಿದ.

"ಅತ್ತಿ... ಕೆಂಚನಗುಡ್ಡದಾಗ ಮೀನು ತಿಂದೀನಿ. ಹೊಳಿ ಮೀನು, ಬಿಸಿ ಬಿಸಿ ಕರೀತಿದ್ರು. ತಡ್ಕೊಳ್ಳಾಕ ಆಗ್ಲಿಲ್ಲ." ದನಿ ಸಣ್ಣದಾಯಿತು. "ನಾ ಮುಟ್ಟಂಗಿಲ್ಲ. ಬರ್ಲಿ ಬಿಡ್ರಿ ಟ್ರ್ಯಾಕ್ಟರು."

ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅಷ್ಟು ಪ್ರೀತಿಯ ಕಾರನ್ನೇ ಕೊಟ್ಟು ತಂದ ಗಾಡಿ, ನಾಲ್ಕು ತುಂಡು ಮೀನಿಗೆ ಮುಳುಗುತ್ತಿತ್ತು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಏನೂ ತಿಂದಿಲ್ಲಲ್ಲ. ಯಾ ಕಡಿ ಎಳೀಬೇಕು, ಹೇಳ್ರಿ."

ಇವರು ತೋರಿಸಿದರು. ಅವ್ವ ಮುಡಿಪಿನ ಸಮೇತ ಗೇರು ಹಿಡಿದು ಹಿಂದಕ್ಕೆ ಜಗ್ಗಿದಳು. ಗಾಡಿ ಒಮ್ಮೆ ನಡುಗಿ, ನಾಲ್ಕೂ ಚಕ್ರದಿಂದ ಮಣ್ಣು ಅಗೆದುಕೊಂಡು ಮೇಲೆದ್ದಿತು. ಹುಲುಗೇಶನ ಮುಂದೆ ಹಾಯುವಾಗ ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಈಗ ತಕ್ಕೋಲೇ ವಿಡಿಯೊ!" ಅಂದಳು. ಅವನು ಫೋನು ಕಿಸೆಗೆ ಹಾಕಿಕೊಂಡ.

ಕುರುಗೋಡಿನಲ್ಲಿ ಇವರು ಗುಡಿಯೊಳಗೆ ಬರಲಿಲ್ಲ. ಮೀನಿನ ಬಾಯಿ ಎಂದು ಹೊರಗೇ ನಮ್ಮ ಚಪ್ಪಲಿ ಕಾಯುತ್ತ ನಿಂತರು. ಒಳಗೆ ಅವ್ವ ಮುಡಿಪು ಬಿಚ್ಚಿದಳು. ಬಟ್ಟೆಯ ಮಡಿಕೆಗಳೆಲ್ಲ ಬಣ್ಣ ಕಳೆದುಕೊಂಡಿದ್ದವು.

"ಹೊಸ ಗಾಡಿಗೆ ಹಳೇ ಬಟ್ಟಿ ಯಾಕವ್ವಾ?" ಎಂದು ಕೇಳಿದೆ.

"ಇದು ಹೊಸ ಗಾಡಿ ಹರಕಿ ಅಲ್ಲ. ಆ ಕೆಂಪು ಗಾಡಿ ಮನಿ ಬಿಟ್ಟು ಹೋಗ್ಲಿ ಅಂತ ಕಟ್ಟಿದ್ದೆ. ಹುಲುಗ ವಿಡಿಯೊ ತಗದ ದಿನ, ನೀವೆಲ್ಲ ನಗತಿದ್ರಿ. ಅಳಿಯಂದ್ರ ಮಾರಿ ನೋಡಾಕ ಆಗ್ಲಿಲ್ಲ ನನಗ."

ನಾನು ತಲೆ ತಗ್ಗಿಸಿದೆ. ಅವ್ವ ಹೊರಗೆ ಹೋಗಿ, ಕಾಯಿ ಚೂರೊಂದನ್ನು ಇವರ ಅಂಗೈಗೆ ಹಾಕಿದಳು.

"ಬಾಯಿ ತೊಳಕೊಂಡು ತಿನ್ರಿ. ಮುಂದಿನ ಸಲ ಕೆಂಚನಗುಡ್ಡಕ್ಕ ಹೋದ್ರ ನನಗೂ ಎರಡು ತುಂಡು ತರ್ರಿ."