ಕಾಗದದ ಬೆನ್ನು ನೋಡುವ ಮೇಷ್ಟ್ರು

ಯಾರು ಯಾವ ಕಾಗದ ಕೊಟ್ಟರೂ, ಅದು ಮದುವೆಯ ಕರೆಯೋಲೆಯೇ ಆಗಿರಲಿ, ಗುರುಮಲ್ಲಯ್ಯನವರು ಮೊದಲು ತಿರುಗಿಸಿ ಅದರ ಬೆನ್ನನ್ನು ನೋಡುತ್ತಿದ್ದರು. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತಿದ್ದ ಈ ಮಹಾನುಭಾವರು ಏಪ್ರಿಲ್ ಬಿಸಿಲಿನಲ್ಲೂ ಕಂದು ಕೋಟು ಬಿಚ್ಚಿದವರಲ್ಲ. ಕೋಟಿನ ಒಳಜೇಬಿಗೊಂದು ಪಿನ್ನು, ಜೇಬಿನೊಳಗೆ ಬೀರುವಿನ ಬೀಗದಕೈ, ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ನೋಡುವ ನಡಿಗೆ. ಮೇಷ್ಟ್ರಿಗೆ ತಮ್ಮ ನೆರಳಿನ ಮೇಲೂ ಅನುಮಾನ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಭೀಮನಬೀಡಿನಿಂದ ಓದಲು ಬರುತ್ತಿದ್ದ ಶಿವರಂಜಿನಿಗೋ, ಅನುಮಾನವಿದ್ದದ್ದು ಮೇಷ್ಟ್ರ ಮೇಲೆಯೇ.

ಅದು ತೊಂಬತ್ತೇಳನೆಯ ಇಸವಿ. ಬಿ.ಕಾಂ. ಕೊನೆಯ ವರ್ಷದವರು ಮಾರುಕಟ್ಟೆ ಅಧ್ಯಯನಕ್ಕೆಂದು ಊರೂರು ಸುತ್ತಿ, ಮನೆಗೆಷ್ಟು ಜನ, ಯಾರಿಗೇನು ಕಾಯಿಲೆ, ಯಾವ ಔಷಧಿ ಎಂದು ಫಾರಂ ತುಂಬಿಸಿಕೊಂಡು ಬಂದಿದ್ದರು. ಮೈಸೂರಿನ ಟಾನಿಕ್ ಕಂಪನಿಯೊಂದಕ್ಕೆ ಅದರ ವಾಸನೆ ಬಡಿಯಿತು. ಫಾರಂಗಳನ್ನು ತಂದುಕೊಟ್ಟರೆ ಕೆಲಸ ಗ್ಯಾರಂಟಿ ಎಂದು ಶಿವರಂಜಿನಿಗೆ ಕಾಗದ ಬಂತು. ಕೂಲಿಯ ಮನೆಯಲ್ಲಿ ಮೊದಲ ಸಂಬಳ ಕಾಣುವ ಯೋಗ! ಕೇಳಲು ಹೋದರೆ ಮೇಷ್ಟ್ರು ಫಾರಂಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದು, "ಶನಿವಾರ ಚರ್ಚೆಯಾಗಲಿ" ಅಂದರು, ಅಷ್ಟೇ. ತಾವೇ ಕಂಪನಿಗೆ ಕೊಟ್ಟು ಲಾಭ ಮಾಡಿಕೊಳ್ಳುವ ಹುನ್ನಾರವಿದ್ದೀತೆಂದು ಅವಳ ಹೊಟ್ಟೆ ಉರಿಯಿತು.

ತರಗತಿಯನ್ನು ಎರಡು ಪಂಗಡ ಮಾಡಿ ಜಗಳಕ್ಕೆ ಬಿಡುವುದೇ ಅವರ ಬೋಧನಾಕ್ರಮ. ಆ ಶನಿವಾರದ ವಿಷಯ, ಗಿರಾಕಿ ನಂಬಿ ಹೇಳಿದ್ದು ಬರೆದುಕೊಂಡವರ ಸ್ವತ್ತೇ ಎಂಬುದು. ಹೌದೆಂದು ವಾದಿಸಲು ಶಿವರಂಜಿನಿ ಟೊಂಕ ಕಟ್ಟಿ ನಿಂತಳು. ಆದರೆ ಮೇಷ್ಟ್ರದೊಂದು ಕಟ್ಟಳೆಯಿತ್ತು: ಕೊಡಬಹುದು ಎನ್ನುವವರು ಮೊದಲು ತಾವು ತುಂಬಿಸಿದ ಒಂದನೆಯ ಫಾರಂ ಗಟ್ಟಿಯಾಗಿ ಓದಬೇಕು. ಬೀರುವಿನಿಂದ ತೆಗೆದು ಅವಳ ಕೈಗಿಟ್ಟರು. ಅಯ್ಯೋ, ಅದು ಅವಳ ಮನೆಯದೇ! ಬಸ್ಸು ತಪ್ಪಿದ ದಿನ, ತಲೆಗೆ ಹತ್ತು ಮನೆಯೆಂಬ ಲೆಕ್ಕ ಭರ್ತಿಯಾಗಲಿ ಎಂದು ತನ್ನ ಮನೆಯಿಂದಲೇ ಶುರುಮಾಡಿದ್ದಳು.

"ಮನೆಯಲ್ಲಿ ಐದು ಜನ" ಎಂದು ಓದಿದಳು. "ಕಾಯಿಲೆ..." ಎಂದು ನಿಂತಳು. ಅವ್ವ ಚಿಕ್ಕಬಸಮ್ಮ ಅವತ್ತು ಒಲೆಮುಂದೆ ಪಿಸುಗುಟ್ಟಿದ್ದಳು: "ನಂಗೆ ಮೂರ್ಛೆ ಬತ್ತದೆ ಅಂತ ನಿಂಗ್ ಮಾತ್ರ ಏಳ್ತಾ ಇವ್ನಿ ಕಣಮ್ಮಿ. ಊರ್ಗೆ ಗೊತ್ತಾಗ್ಬುಟ್ರೆ ನಿನ್ ಮದ್ವೆ ನಿಂತೋಯ್ತದೆ."

"ಓದಕ್ಕಾಗಲ್ಲ ಸಾ" ಎಂದಳು ಶಿವರಂಜಿನಿ.

"ಮಿಕ್ಕ ಮನೆಯವರದ್ದು ಓದಬಹುದೇನಮ್ಮ?"

ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ನುಗ್ಗಿದವು. "ಬೀಗದ್ಕೈ ನಿಮ್ಮತ್ರಾನೇ ಅದೆ. ನೀವೇ ಕೊಟ್ಬುಟ್ರೆ ಕೇಳೋರ್ ಯಾರು ಸಾ?"

ಮೇಷ್ಟ್ರು ರೇಗಲಿಲ್ಲ, ಪಿನ್ನು ಬಿಚ್ಚಿ ಬೀಗದಕೈ ಅವಳ ಅಂಗೈಯಲ್ಲಿಟ್ಟರು. "ಯಾರಾದರೂ ಕೇಳಲಿ ಅಂತಲೇ ಕಾಯ್ತಿದ್ದೆ. ಕಂಪನಿಯವರು ನನಗೂ ಕಾಗದ ಬರೆದಿದ್ದಾರೆ ಕಣಮ್ಮ. ಒಳ್ಳೆಯ ಮೊತ್ತ. ಆರು ದಿನದಿಂದ ನನಗೆ ನನ್ನ ಮೇಲೇ ಭಯ."

ಶಿವರಂಜಿನಿಯೇ ಬೀರು ತೆರೆದು ಫಾರಂಗಳನ್ನು ಹಂಚಿದಳು; ಭಾನುವಾರ ಹುಡುಗರು ಮನೆಮನೆಗೆ ಹೋಗಿ ಅವರವರ ಫಾರಂ ಅವರವರ ಕೈಗೇ ಕೊಟ್ಟು ಬಂದರು. ಶಿವರಂಜಿನಿಯ ಕೆಲಸ ಕೈತಪ್ಪಿತು. ಅವಳು ಮನಸಾರೆ ಅತ್ತಳು, ಸುಳ್ಳೇಕೆ ಹೇಳಬೇಕು. ಮಾರನೆಯ ದಿನ, ಹಂಚಿದ್ದಕ್ಕೆ ರುಜು ಹಾಕೆಂದು ಮೇಷ್ಟ್ರು ಒಂದು ಹಾಳೆ ಚಾಚಿದರೆ, ಅವಳು ಮೊದಲು ಮಗುಚಿ ಅದರ ಬೆನ್ನನ್ನು ನೋಡಿದಳು. ಗುರುಮಲ್ಲಯ್ಯನವರು ನಕ್ಕದ್ದನ್ನು ಕಾಲೇಜು ಕಂಡದ್ದು ಅದೊಂದೇ ಸಲ.

ಲೋಕವನ್ನು ಅನುಮಾನಿಸುವವರಿಗೇನು ಬರವೇ, ಕೇರಿಗೆ ನಾಲ್ಕು ಜನ ಸಿಗುತ್ತಾರೆ. ತಮ್ಮನ್ನೇ ಮೊದಲ ಕಳ್ಳನೆಂದು ಬಗೆದು ಜೇಬಿಗೆ ಪಿನ್ನು ಹಾಕಿಕೊಳ್ಳುವವರು ಅಪರೂಪ. ಒಲೆಮುಂದೆ ಅವ್ವಂದಿರು ಪಿಸುಗುಟ್ಟಿದ ಮಾತು ಬೀದಿಗೆ ಬೀಳದೆ ಉಳಿದಿರುವುದು ಇಂಥ ಸಂಶಯಪಿಶಾಚಿಗಳ ಪುಣ್ಯದಿಂದಲೇ.