ಗೀತಮ್ಮನ ಅಮಾವಾಸ್ಯೆ

ಕೊಟ್ಟೂರಿನ ಸುಮಲತಾಳ ಅಂಗಡಿಯಲ್ಲಿ ಗೀತಮ್ಮ ರೊಟ್ಟಿ ಬಡಿಯುವುದನ್ನು ಕಂಡವರು ಆಕೆಗೆ ಕಣ್ಣಿಲ್ಲವೆಂದರೆ ನಂಬುತ್ತಿರಲಿಲ್ಲ. ರೊಟ್ಟಿಯ ಅಂಚು ಅಂಗೈಗೇ ಗೊತ್ತಿತ್ತು. ಆದರೆ ಹೋದ ವರ್ಷ, ಉಳಿದಿದ್ದ ಚೂರು ಬೆಳಕೂ ಆರಿಹೋದ ಮೇಲೆ, ನಿದ್ದೆ ದಿಕ್ಕು ತಪ್ಪಿತು. ಹದಿನೈದು ದಿನ ಎಲ್ಲರಂತೆ ಇರುವಳು. ಆಮೇಲೆ ರಾತ್ರಿಯೆಲ್ಲ ಎಚ್ಚರ, ಮಧ್ಯಾಹ್ನ ಒಲೆಯ ಮುಂದೆ ತೂಕಡಿಕೆ.

ದಿನ ಎಣಿಸಿದವಳು ಪಕ್ಕದ ಒಲೆಯ ಕರಿಯಕ್ಕ. ಎಣಿಸಿದ ನಾಲ್ಕು ತಿಂಗಳೂ ಇದು ಅಮಾವಾಸ್ಯೆಯ ಆಸುಪಾಸೇ.

"ಅಮಾಸಿ ಬಂತು, ಗೀತಕ್ಕಗ ತೊಟ್ಟಲಾ ಕಟ್ರೇ," ಎಂದು ಅಂಗಡಿಯ ಹೆಂಗಸರು ಮೊದಮೊದಲು ನಗುತ್ತಿದ್ದರು. ಒಮ್ಮೆ ತೂಕಡಿಸಿ ಕೈ ಹಂಚಿಗೆ ತಾಗಿ ಸುಟ್ಟಿತು. ಅಲ್ಲಿಂದ ಗಾಳಿ ಸೋಕಿದೆ ಎಂಬ ಮಾತು ಹುಟ್ಟಿತು. ಕರಿಯಕ್ಕ ದೂರದ ಒಲೆಗೆ ಹೋಗಿ ಕುಳಿತಳು.

"ಅಮಾಸಿ ಹಿಂದ ಮುಂದ ಮನಿಯಾಗ ಇರಕ್ಕ. ಇನ್ನೊಮ್ಮಿ ಹಿಂಗಾದ್ರ ಒಲಿ ಬ್ಯಾರೇರಿಗೆ ಕೊಡ್ತೀನಿ," ಎಂದಳು ಸುಮಲತಾ.

ಬಾಡಿಗೆ ಕೋಣೆಯಲ್ಲಿ ಗೀತಮ್ಮ ಒಬ್ಬಳೇ. ಊರು ಮಲಗಿದಾಗ ಎಚ್ಚರವಿರುವುದನ್ನು ಹೇಗೋ ತಡೆದುಕೊಳ್ಳುತ್ತಿದ್ದಳು. ಊರೆಲ್ಲ ಎದ್ದು ಓಡಾಡುವಾಗ ತಾನು ಸತ್ತವಳಂತೆ ಮಲಗಿರುತ್ತೇನಲ್ಲ ಎನ್ನುವುದನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ.

ಕೂಡ್ಲಿಗಿಯ ಕಣ್ಣಿನ ಡಾಕ್ಟರಮ್ಮನ ಮುಂದೆ ನಾಚಿಕೊಂಡೇ ಇದನ್ನು ಹೇಳಿದಳು.

"ಗಾಳಿ ಅಲ್ಲಮ್ಮ," ಎಂದಳು ಆಕೆ. "ಹಗಲಾತು, ಕತ್ತಲಾತು ಅಂತ ಮೈಗೆ ಸುದ್ದಿ ಮುಟ್ಟಿಸೋದು ಕಣ್ಣು. ಆ ಸುದ್ದಿ ನೋಡಿಕೊಂಡು ಮಿದುಳಿನ್ಯಾಗ ಮೆಲಟೋನಿನ್ ಅನ್ನೋ ರಸ ಬಿಡುಗಡಿ ಆಗತೈತಿ, ನಿದ್ದಿ ಬರತೈತಿ. ನಿಮಗ ಸುದ್ದಿನ ಇಲ್ಲ. ಅದಕ್ಕ ನಿಮ್ಮ ರಾತ್ರಿ ದಿನಾ ಮುಕ್ಕಾಲು ತಾಸು ಮುಂದಕ್ಕ ಸರೀತೈತಿ. ಸುತ್ತಿ ಬರಾಕ ತಿಂಗಳು ಬೇಕು."

"ಅಮಾಸಿ?"

"ಚಂದ್ರನ ಸುತ್ತೂ ತಿಂಗಳದ್ದ ಅಲ್ಲೇನು? ಎರಡೂ ಜೊತಿ ಬಿದ್ದಾವ, ಅಷ್ಟ. ಅದ ಮೆಲಟೋನಿನ್ ಗುಳಿಗಿ ಕೊಡ್ತೀನಿ. ದಿನಾ ರಾತ್ರಿ ಒಂದ ಹೊತ್ತಿಗೆ ತಗೋರಿ."

ಗುಳಿಗೆ ಮೈಗೆ ಹಿಡಿಯಲು ಎರಡು ತಿಂಗಳಾಯಿತು. ಮೂರನೆಯ ಅಮಾವಾಸ್ಯೆಯ ಬೆಳಗ್ಗೆ ಗೀತಮ್ಮ ಗೋಡೆ ಸವರುತ್ತ ಅಂಗಡಿಗೆ ಬಂದಳು.

"ಅಕ್ಕಾ, ಇವತ್ತು ಅಮಾಸಿ," ಎಂದಳು ಸುಮಲತಾ.

"ಗೊತ್ತೈತವ್ವ, ಅದಕ್ಕ ಬಂದೀನಿ. ತೂಕಡಿಸಿದ್ರ ಎಬ್ಬಿಸಿ ಕಳಸು, ಮತ್ತ ಬರಂಗಿಲ್ಲ."

ಎಲ್ಲರೂ ಆಕೆಯ ತಲೆ ವಾಲುವುದನ್ನೇ ಕಾದರು. ಮಧ್ಯಾಹ್ನ ಕಳೆಯಿತು, ಮೂರು ಹೊಡೆಯಿತು. ಗೀತಮ್ಮನ ಮುಂದೆ ರೊಟ್ಟಿ ಮೊಳದೆತ್ತರ ಏರಿತ್ತು.

"ಒಲಿ ನಿಂದ ಅಕ್ಕಾ," ಎಂದಳು ಸುಮಲತಾ, ತಗ್ಗಿದ ದನಿಯಲ್ಲಿ.

ಗೀತಮ್ಮ ಪಕ್ಕದಲ್ಲಿ ಕರಿಯಕ್ಕ ಕೂರುತ್ತಿದ್ದ ಜಾಗಕ್ಕೆ ಕೈ ಚಾಚಿದಳು. ಬರೀ ತಣ್ಣನೆ ನೆಲ ಸಿಕ್ಕಿತು.

"ಕರಿಯಕ್ಕಾ, ಇನ್ನ ಈ ಕಡೆ ಬಾರವ್ವ."

"ನಂಗ ಇಲ್ಲೇ ರೂಢಿ ಆಗೈತಿ ತಗೋ," ಎಂಬ ಉತ್ತರ ಮೂಲೆಯಿಂದ ಬಂತು.

ಗೀತಮ್ಮ ಮತ್ತೊಂದು ಉಂಡೆ ಹಿಟ್ಟು ತೆಗೆದುಕೊಂಡಳು.