ಮದ್ದು ಹಾಕಿದ ಕೈ

ಹೊಂಬಾಳಮ್ಮನಿಗೆ ಸಿಟ್ಟು ಬಂದರೆ ಹನಕೆರೆ ಸ್ಟೇಷನ್ನಿನಲ್ಲಿ ನಿಂತ ರೈಲಿಗೂ ಗೊತ್ತಾಗುತ್ತದೆ ಎಂದು ಅವಳ ಗಂಡ ಚಲುವರಾಜು ನಗೆಯಾಡುತ್ತಿದ್ದ. ಯುದ್ಧ ನಡೆಯುತ್ತಿದ್ದ ಆ ವರ್ಷದ ಬೇಸಿಗೆಯಲ್ಲಿ ಮಾತ್ರ ಅವನ ನಗು ಹೆಚ್ಚು ದಿನ ಉಳಿಯಲಿಲ್ಲ.

ಎಲ್ಲಕ್ಕೂ ಮೂಲ ಕೆಂಚ, ಅವರ ಕಬ್ಬಿನ ಗದ್ದೆ ಕಾದೂ ಕಾದೂ ಮುದಿಯಾದ ನಾಯಿ. ತಿನ್ನುವುದು ಕಮ್ಮಿಯಾಗಿದ್ದರೂ ಮೈ ಊದಿಕೊಂಡಿತ್ತು. ಎರಡೂ ಪಕ್ಕೆಯ ಕೂದಲು ಉದುರಿ, ಬಾಲ ಇಲಿಬಾಲದ ಹಾಗೆ ಬೋಳಾಗಿತ್ತು. ಸುಡುವ ಬಿಸಿಲಲ್ಲೂ ಒಲೆಯ ಬೂದಿಯೊಳಗೆ ಹೊಕ್ಕು ನಡುಗುತ್ತಿತ್ತು. ಕಜ್ಜಿಯೆಂದು ಹೊಂಬಾಳಮ್ಮ ಹೊಂಗೆಎಣ್ಣೆ ತಿಕ್ಕಿ ತಿಕ್ಕಿ ಕೈ ಸೋತಳು. ಒಂದು ಕೂದಲೂ ಹುಟ್ಟಲಿಲ್ಲ.

ಚಲುವರಾಜುವಿಗೆ ಅನುಮಾನವೇ ಇರಲಿಲ್ಲ. ಕೂದಲುದುರಿ, ಹೊಟ್ಟೆ ಊದಿ, ಅನ್ನ ಸೇರದಿದ್ದರೆ ಈ ಸೀಮೆಯ ಜನಕ್ಕೆ ಬೇರೆ ರೋಗವೇ ಹೊಳೆಯುವುದಿಲ್ಲ: ಆಗದವರು ಯಾರೋ ತುತ್ತಿನೊಳಗೆ ಮಾಟದ ಮದ್ದು ಹಾಕಿದ್ದಾರೆ, ಅಷ್ಟೆ. ಯಾರು ಎಂದು ಹುಡುಕುವ ಕಷ್ಟವೂ ಇರಲಿಲ್ಲ. ಪಕ್ಕದ ಮನೆಯ ಮಂಚಮ್ಮ ಗಂಡ ಸತ್ತ ಒಂಟಿ ಹೆಂಗಸು. ಕೆಂಚ ದಿನಾ ಅವಳ ಜಗಲಿಗೆ ಹೋಗಿ ಅವಳ ಕೈತುತ್ತು ತಿಂದು ಬರುತ್ತಿತ್ತು. ಒಂಟಿ ಹೆಂಗಸು, ಜೊತೆಗೆ ಕೈತುತ್ತು; ಊರಿನ ಬಾಯಿಗೆ ಇನ್ನೇನು ಬೇಕು? ಮದ್ದು ತೆಗೆಯುವ ಬೆಳಕವಾಡಿಯ ಮರಿಸಿದ್ದಯ್ಯನನ್ನು ಕರೆಸಿ, ಗಿಡದ ರಸ ಕುಡಿಸಿ ಮದ್ದು ಕಕ್ಕಿಸೋಣ ಎಂದು ಅವನು ಹಟ ಹಿಡಿದ. ಹೊಂಬಾಳಮ್ಮ ಅವನನ್ನು ಬೈದು, ಗಾಡಿ ಕಟ್ಟಿಸಿ, ನಾಯಿಯನ್ನು ಮಂಡ್ಯದ ದನದ ಡಾಕ್ಟರ ಬಳಿಗೆ ಒಯ್ದಳು.

ಡಾಕ್ಟರು ಕುಂದಾಪುರದ ಕಡೆಯವರು, ನಿಧಾನದ ಮನುಷ್ಯ. ಕೆಂಚನ ಕತ್ತು, ಪಕ್ಕೆ, ಎದೆ ಎಲ್ಲ ಮುಟ್ಟಿ ನೋಡಿದರು. ಗಂಟಲ ಹತ್ತಿರದ ಒಂದು ಗ್ರಂಥಿಯ ರಸದಿಂದಲೇ ಮೈಗೆ ಬಿಸಿ, ಚರ್ಮಕ್ಕೆ ಕೂದಲು; ಮುಪ್ಪಿನಲ್ಲಿ ಅದು ಬತ್ತಿದ ಹಾಗೆ ಕಾಣುತ್ತದೆ ಎಂದರು. ಖಂಡಿತ ಎನ್ನಲಾಗದು, ಕಂಡುಹಿಡಿಯುವ ಯಂತ್ರ ತಮ್ಮಲ್ಲಿಲ್ಲ. ಕುರಿಯ ಗ್ರಂಥಿ ಒಣಗಿಸಿ ಮಾಡಿದ ಮಾತ್ರೆ ಇದೆ, ಅರ್ಧರ್ಧ ಕೊಟ್ಟು ನೋಡಬಹುದು. ಆದರೆ ಹಳೆಯ ಗುಂಡಿಗೆ, ತಡೆಯದೆ ನಿಂತರೂ ನಿಂತೀತು. ಕೊಡದಿದ್ದರೆ ಹೀಗೇ ನಡುಗುತ್ತಾ ಕೆಲವು ಕಾಲ ಬದುಕೀತು. ವಾಂತಿ ಮಾಡಿಸಿದರೆ ಮಾತ್ರ ಅಂದೇ ಸಾಯುತ್ತದೆ.

ಕೊನೆಗೆ ಅವರು, "ಮದ್ದು ಹಾಕಿದರೇ ಗೊತ್ತಾಗುವುದಮ್ಮ," ಎಂದರು.

ಅವರ ಊರಲ್ಲಿ ಔಷಧಿಗೇ ಮದ್ದು ಎನ್ನುತ್ತಾರೆ. ಬಾಗಿಲಾಚೆ ಎತ್ತು ಹಿಡಿದು ನಿಂತಿದ್ದ ಚಲುವರಾಜುವಿನ ಕಿವಿಗೆ ಬಿದ್ದದ್ದು ಆ ಒಂದು ಮಾತು, ಅದೂ ಮದ್ದು ಹಾಕಿದ್ದಾರೆ ಎಂದು. ಒಳಗೆ ಬಂದು ಇನ್ನೊಮ್ಮೆ ಕೇಳುವಷ್ಟು ವ್ಯವಧಾನ ಅವನಿಗಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹೊಂಬಾಳಮ್ಮ ಮಾತ್ರೆಯ ಪೊಟ್ಟಣವನ್ನು ಗೂಡಿನಲ್ಲಿಟ್ಟಳು. ಕೊಡಲು ಕೈ ಬರಲಿಲ್ಲ. ಗುಂಡಿಗೆ ನಿಂತರೆ? ಇವತ್ತು ಬೇಡ, ನಾಳೆ ನೋಡೋಣ ಎಂದು ದಿನ ತಳ್ಳಿದಳು. ಅಷ್ಟರಲ್ಲಿ ಅವಳ ಗಂಡ, ಯಾರೋ ಮದ್ದು ಹಾಕಿದ್ದಾರೆ ಅಂತ ಸರ್ಕಾರದ ಡಾಕ್ಟರೇ ಅಂದರು ಎಂದು ಊರಿಗೆಲ್ಲ ಡಂಗುರ ಹೊಡೆದಾಗಿತ್ತು. ಬಾವಿಯ ಹತ್ತಿರ ಹೆಂಗಸರು ಮಂಚಮ್ಮನ ಕೊಡದಿಂದ ತಮ್ಮ ಕೊಡ ದೂರ ಸರಿಸಿದರು. ಮಂಚಮ್ಮ ಬಾಗಿಲು ಹಾಕಿಕೊಂಡಳು. ಕೆಂಚ ಆ ಮುಚ್ಚಿದ ಬಾಗಿಲ ಮುಂದೆಯೇ ಕೂತಿತು. ಬೇರೆ ಯಾರು ಕೊಟ್ಟರೂ ಮೂಸಲಿಲ್ಲ.

ಮರಿಸಿದ್ದಯ್ಯ ಹಸಿರು ರಸದ ಮಡಕೆ ಹಿಡಿದು ಅಂಗಳಕ್ಕೆ ಬಂದ ದಿನವೇ ಹೊಂಬಾಳಮ್ಮನಿಗೆ ಇದೆಲ್ಲ ತಿಳಿದದ್ದು. ನೋಡಲು ಅರ್ಧ ಊರೇ ಸೇರಿತ್ತು. ಅವಳ ಪಿತ್ತ ನೆತ್ತಿಗೇರಿತು.

"ಔಸ್ದಿಗೆ ಆ ಡಾಕ್ಟ್ರು ಮದ್ದು ಅಂತಾರೆ ಕಣಯ್ಯ. ಒಬ್ಬ ಎಂಗ್ಸಿನ ಮಾನ ಕಳ್ಯೋಕ್ ಮುಂಚೆ ನನ್ನೊಂದ್ ಮಾತು ಕೇಳಕ್ಕೆ ನಿಂಗೆ ಬಾಯಿರ್ನಿಲ್ವಾ?"

ಚಲುವರಾಜು ತಲೆ ಕೆರೆದುಕೊಂಡ. ಸೇರಿದವರಿಗೆ ಅವಳ ಮಾತು ರುಚಿಸಲಿಲ್ಲ. ಅಷ್ಟು ಚೆಂದದ ಸುದ್ದಿಯನ್ನು ಸುಳ್ಳಾಗಲು ಬಿಡುವುದುಂಟೆ? ಹೊಂಬಾಳಮ್ಮ ಮಡಕೆ ಕಸಿದು ರಸವನ್ನೆಲ್ಲ ತಿಪ್ಪೆಗೆ ಸುರಿದಳು. ನಾಯಿಯ ಕಡೆ ನೋಡಿದಳು. ಬಿಸಿಲಲ್ಲಿ ಕೂತು ಗಡಗಡ ನಡುಗುತ್ತಿತ್ತು. ಹೀಗೆ ನಡುಗಿಸಿಕೊಂಡು ಅದನ್ನು ಉಳಿಸುವುದು ತನ್ನ ಭಯಕ್ಕೇ ಹೊರತು ಅದರ ಸುಖಕ್ಕಲ್ಲ ಎಂದು ಅವಳಿಗೆ ಅನ್ನಿಸಿತು. ತನ್ನ ಮೇಲೂ ಸಿಟ್ಟು ಬಂತು. ಪೊಟ್ಟಣ ತಂದು ಮಂಚಮ್ಮನ ಬಾಗಿಲು ಬಡಿದಳು.

ನಿನ್ನ ಕೈಯಿಂದಲೇ ಕೆಂಚನಿಗೆ ಮಾತ್ರೆ ತಿನ್ನಿಸು ಎಂದಳು. ಬಾಗಿಲು ತೆರೆದ ಮಂಚಮ್ಮ ಹಿಂದೆ ಸರಿದಳು.

"ಬುಡವ್ವ. ನಾಳೀಕೆ ಅದು ಸತ್ರೆ ನನ್ನ ಈ ಊರಲ್ಲಿ ಇರಕ್ ಬುಟ್ಟಾರಾ?"

"ಸಾಯ್ಬೋದು. ಸಾಯಲ್ಲ ಅಂತ ಡಾಕ್ಟ್ರೂ ಏಳ್ನಿಲ್ಲ," ಎಂದಳು ಹೊಂಬಾಳಮ್ಮ, ಅಂಗಳದವರಿಗೆಲ್ಲ ಕೇಳುವಂತೆ. "ಸತ್ರೆ ಮದ್ದಾಕ್ದೋಳು ನಾನು."

ಮಂಚಮ್ಮನ ಊಟದ ಗಂಗಳ ಒಳಗಿನಿಂದ ತಂದು ಮುದ್ದೆ ಮುರಿದು, ಎಲ್ಲರೂ ನೋಡುತ್ತಿರುವಂತೆ ಮೊದಲ ತುತ್ತನ್ನು ತಾನೇ ನುಂಗಿದಳು. ಎರಡನೆಯದರೊಳಗೆ ಅರ್ಧ ಮಾತ್ರೆ ಹುದುಗಿಸಿ ಮಂಚಮ್ಮನ ಕೈಗಿಟ್ಟಳು. ಮಂಚಮ್ಮ ಬಗ್ಗಿ ಅದನ್ನು ಕೆಂಚನ ಮೂತಿಗೆ ಹಿಡಿದಳು. ಕೆಂಚ ಆ ಕೈಯನ್ನು ಒಮ್ಮೆ ಮೂಸಿ, ತುತ್ತು ನುಂಗಿ, ಬೆರಳು ನೆಕ್ಕಿತು. ಜನ ಒಬ್ಬೊಬ್ಬರಾಗಿ ಕರಗಿದರು.

ಸಂಜೆ ಹೊಂಬಾಳಮ್ಮ ಒಲೆ ಹಚ್ಚಲಿಲ್ಲ. ಚಲುವರಾಜು ಕೈಕಾಲು ತೊಳೆದು ಬಂದು ಊಟಕ್ಕೆ ಕೂತ. ಪಕ್ಕದ ಮನೆಯಲ್ಲಿ ಮುದ್ದೆ ಇದೆ, ಹೋಗಿ ಕೇಳಿ ಉಣ್ಣು ಎಂದಳು. ಅವನು ನಕ್ಕ. ಅವಳು ನಗಲಿಲ್ಲ. ಹೊಟ್ಟೆ ಕೇಳದೆ ಅವನು ಎದ್ದು ಹೋದ.

ಜಗಲಿಯಲ್ಲಿ ಕೆಂಚ ಮಲಗಿತ್ತು. ಉಸಿರಾಡುತ್ತಿದೆಯೇ ಎಂದು ಅವನು ಬಗ್ಗಿ ನೋಡಿದ. ಆಡುತ್ತಿತ್ತು. ಬಾಗಿಲಲ್ಲಿ ನಿಂತು, ಒಂದು ಮುದ್ದೆ ಇಕ್ಕು ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಮಂಚಮ್ಮ ಗಂಗಳ ಹಿಡಿದು ಬಂದಳು. ಕೊಡಲಿಲ್ಲ.

"ಮದ್ದಾಕಿದ ಕೈ ಕಣಪ್ಪ ಇದು. ತಿಂತೀಯಾ?"

ಚಲುವರಾಜು ನಾಯಿಯ ಪಕ್ಕದಲ್ಲಿ ಕೂತು ಕೈ ಚಾಚಿದ.